ಅಜ್ಜನ ಸಮಾಧಿಗೆ ನಾನೇ ಹಚ್ಚಿಸಿದ ಸಿಮೆಂಟು

ಎಂಟು ವರ್ಷದ ಹಿಂದೆ ಅಜ್ಜನ ಸಮಾಧಿಗೆ ಸಿಮೆಂಟ್ ಗಿಲಾವ್ ಮಾಡಿಸಿದವನು ನಾನೇ. ಮೊದಲ ಪಗಾರ ಕೈಗೆ ಬಂದಿತ್ತು. ಹಳೆ ಸುಣ್ಣದ ಗಚ್ಚು ಅಲ್ಲಲ್ಲಿ ಉದುರಿದ್ದು ನೋಡಿ ಮನಸ್ಸು ತಡೆಯಲಿಲ್ಲ. ಎರಡು ಚೀಲ ಸಿಮೆಂಟು, ಮೇಲೆ ಬಿಳಿ ಪೇಂಟು. ಮನೆಯವರೆಲ್ಲ ಚಲೋ ಆಯಿತು ಅಂದರು. ನನಗೂ ಹಾಗೇ ಅನಿಸಿತ್ತು.

ಹೋದ ವರ್ಷ ಮಹಾನವಮಿ ಅಮಾವಾಸ್ಯೆಗೆ ಎಡೆ ಇಡಲು ಹೋದಾಗ ಆ ಸಿಮೆಂಟು ಹಲಗೆ ಹಲಗೆಯಾಗಿ ಎದ್ದು ನಿಂತಿತ್ತು. ಒಂದು ಹಲಗೆಯನ್ನು ಕೈಯಿಂದ ಎತ್ತಿದೆ. ಅದರ ಬೆನ್ನಿಗೆ ಅಂಟಿಕೊಂಡು ಇಟ್ಟಿಗೆಯ ಮುಖವೂ ಬಂತು. ಒಳಗಿನ ಇಟ್ಟಿಗೆ ಒದ್ದೆಯಾಗಿತ್ತು. ಬೆರಳಿಂದ ಕೆದರಿದರೆ ಕೆಂಪು ಹುಡಿ. ಮುಂದಿನ ಕಲ್ಲಿನಲ್ಲಿ ಅಜ್ಜನ ಹೆಸರಿನ ಮೊದಲ ಎರಡು ಅಕ್ಷರ ಸಿಪ್ಪೆ ಎದ್ದು ಹೋಗಿದ್ದವು.

ಜೊತೆಗೆ ನಮ್ಮ ಓಣಿಯ ಗೌಂಡಿ ಕಾಕಾ ಇದ್ದರು. ಎಪ್ಪತ್ತು ದಾಟಿದವರು, ಗಚ್ಚಿನ ಕೆಲಸ ಬಲ್ಲವರು. ಕುಕ್ಕರುಗಾಲಲ್ಲಿ ಕೂತು ಆ ಹಲಗೆಯನ್ನು ತಿರುವಿ ನೋಡಿದರು. "ಇದು ಬಿಗಿ ಅಂಗಿ ತಮ್ಮಾ. ಒಳಗ ಬೆವರಾಕತ್ತೈತಿ, ಹೊರಗ ಹೋಗಾಕ ಹಾದಿ ಇಲ್ಲ. ಹಾದಿ ಕೊಡಲಿಲ್ಲಂದ್ರ ಚರ್ಮಾನ ಕಿತ್ಕೊಂಡು ಬರತೈತಿ" ಅಂದರು.

ಅವರು ಹೇಳಿದ್ದರಲ್ಲಿ ಎಲ್ಲ ಇದೆ. ಗದಗಿನ ಈ ಭಾಗದ್ದು ಎರೆ ಮಣ್ಣು. ಮಳೆಗಾಲದಲ್ಲಿ ಕುಡಿದ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಆ ತೇವ ಇಟ್ಟಿಗೆಯ ಒಳಗಿಂದ ಮೇಲೇರುತ್ತದೆ. ಹಳೆ ಸುಣ್ಣದ ಗಚ್ಚು ಮೆತ್ತಗಿನದು, ಅದರ ಮೂಲಕ ತೇವ ಹೊರಗೆ ಬಂದು ಆರಿಹೋಗುತ್ತಿತ್ತು. ನಾನು ಹಚ್ಚಿಸಿದ ಸಿಮೆಂಟು ಆ ಹಾದಿ ಮುಚ್ಚಿಬಿಟ್ಟಿತು. ಅದರ ಜೊತೆ ಉಪ್ಪು ಬೇರೆ. ನಮ್ಮಲ್ಲಿ ಹೂಳುವಾಗ ಕುಣಿಯಲ್ಲಿ ವಿಭೂತಿ, ಪತ್ರಿ, ಉಪ್ಪು ಹಾಕುತ್ತಾರೆ. ಮಣ್ಣಲ್ಲೂ ಉಪ್ಪಿನಂಶ ಇರುತ್ತದೆ. ನೀರಲ್ಲಿ ಕರಗಿದ ಉಪ್ಪು ಮೇಲೆ ಬರುತ್ತದೆ, ನೀರು ಆರಿದ ಕಡೆ ಹರಳುಗಟ್ಟುತ್ತದೆ. ಹರಳು ಬೆಳೆಯುವಾಗ ಇಟ್ಟಿಗೆಯ ಮುಖವನ್ನೇ ಒಳಗಿಂದ ಒತ್ತಿ ಒಡೆಯುತ್ತದೆ. ಮೊದಲು ಗಚ್ಚು ಆ ಪೆಟ್ಟು ತಿನ್ನುತ್ತಿತ್ತು. ಗಚ್ಚು ಉದುರಿದರೆ ಮತ್ತೆ ಹಚ್ಚಬಹುದು. ಇಟ್ಟಿಗೆ, ಕಲ್ಲು ಉದುರಿದರೆ ಏನು ಮಾಡುವುದು?

ಅವತ್ತು ಅಜ್ಜನ ಸಮಾಧಿಯಿಂದ ಎದ್ದು ಸುತ್ತ ನೋಡಿದೆ. ಬಳ್ಳಾರಿ ಜಾಲಿಯ ನಡುವೆ ಕಂಡಷ್ಟು ಸಮಾಧಿಗಳಲ್ಲಿ ಅರ್ಧಕ್ಕರ್ಧ ಇದೇ ಗತಿ. ಯಾರೋ ಪ್ರೀತಿಯಿಂದ ಹಚ್ಚಿಸಿದ ಸಿಮೆಂಟು, ಅದರ ಹಿಂದೆ ಕರಗುತ್ತಿರುವ ಇಟ್ಟಿಗೆ. ಹನ್ನೊಂದು ತಿಂಗಳ ಕೆಲಸ ಅಲ್ಲಿಂದ ಶುರುವಾಯಿತು.

ಎಣಿಕೆ

ಜಾಗ ಸುಮಾರು ಎರಡೂವರೆ ಎಕರೆ. ಊರಿನ ಹಳೆ ಸಾರ್ವಜನಿಕ ರುದ್ರಭೂಮಿ. ಹೊಸದಾಗಿ ಹೂಳುವುದು ಈಗ ಪಕ್ಕದ ಹೊಸ ಜಾಗದಲ್ಲಿ. ಹಳೆ ಭಾಗಕ್ಕೆ ವರ್ಷಕ್ಕೊಮ್ಮೆ ಅಮಾವಾಸ್ಯೆಗೆ ಬರುವವರು ಬಿಟ್ಟರೆ ಯಾರೂ ಕಾಲಿಡುವುದಿಲ್ಲ. ನಾವು ಆರು ಜನ ಸೇರಿ ಕಚೇರಿಗೆ ಅರ್ಜಿ ಕೊಟ್ಟೆವು, ಒಪ್ಪಿಗೆ ಪತ್ರ ಬಂತು. ಜೆಸಿಬಿ ತರಿಸಿ ಒಂದೇ ದಿನದಲ್ಲಿ ಸ್ವಚ್ಛ ಮಾಡಿಬಿಡಿ ಅಂತ ಬಹಳ ಜನ ಹೇಳಿದರು. ಬೇಡ ಅಂದೆವು. ಜಾಲಿ ಬುಡದಲ್ಲಿ ಏನಿದೆ ಅಂತ ಮೇಲಿಂದ ಕಾಣುವುದಿಲ್ಲ. ಜೆಸಿಬಿಯ ಒಂದು ಬಕೆಟ್ಟಿಗೆ ಎರಡು ಸಮಾಧಿ ಒಟ್ಟಿಗೆ ಎದ್ದು ಬರುತ್ತವೆ, ಆಮೇಲೆ ಯಾವ ಕಲ್ಲು ಯಾರದ್ದು ಅಂತ ಹೇಳುವವರು ಯಾರು?

ಅದಕ್ಕೆ ಮೊದಲ ಮೂರು ರವಿವಾರ ಒಂದು ಕಡ್ಡಿಯನ್ನೂ ಕಡಿಯಲಿಲ್ಲ. ಸುಮ್ನೆ ಎಣಿಸಿದೆವು. ಕುಣಿ ತೋಡುವ ಮಾಮಾ ಮುಂದೆ ಮುಂದೆ ನಡೆದರು. ಅವರ ತಂದೆಯೂ ಇದೇ ಕೆಲಸ ಮಾಡಿದವರು. "ಈ ಸಾಲು ನೇಕಾರ ಓಣಿಯವರದ್ದು ರೀ ಸರ. ಆ ಬೇವಿನ ಗಿಡದಿಂದ ಆಚೆ ಪ್ಲೇಗಿನ್ಯಾಗ ಹ್ವಾದವರು ಅಂತ ನಮ್ಮಪ್ಪ ಹೇಳತಿದ್ದ" ಅನ್ನುವರು. ನಾವು ಟೇಪು ಹಿಡಿದು ಗೇಟಿನ ಕಂಬದಿಂದ ಅಳತೆ ತೆಗೆದು, ಗ್ರಾಫ್ ಹಾಳೆಯಲ್ಲಿ ಚೌಕ ಬರೆದು, ಪ್ರತಿ ಸಮಾಧಿಗೂ ನಂಬರ್ ಕೊಟ್ಟೆವು. ಕಲ್ಲಿನ ಮೇಲೆ ಪೇಂಟ್ ಹಚ್ಚಲಿಲ್ಲ. ಬಿದಿರಿನ ಗೂಟಕ್ಕೆ ತಗಡಿನ ತುಂಡು ಕಟ್ಟಿ, ಅದರ ಮೇಲೆ ಮೊಳೆಯಿಂದ ನಂಬರ್ ಕುಟ್ಟಿ, ಪಕ್ಕದಲ್ಲಿ ನೆಟ್ಟೆವು. ಪ್ರತಿಯೊಂದಕ್ಕೂ ನಾಲ್ಕು ಫೋಟೊ.

ಒಟ್ಟು 214 ಸಿಕ್ಕವು. ಹೆಸರು ಓದಲು ಬರುವಂಥವು 137. ಉರುಳಿ ಬಿದ್ದ ಕಲ್ಲು 31.

ಈ ಪಟ್ಟಿ ಯಾಕೆ ಇಷ್ಟು ಮುಖ್ಯ ಅಂದರೆ, ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕಿಂತ ಹಿಂದೆ ಸತ್ತ ಎಷ್ಟೋ ಜನರಿಗೆ ಈ ಕಲ್ಲು ಬಿಟ್ಟರೆ ಬೇರೆ ಕಾಗದವೇ ಇಲ್ಲ. 1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಸತ್ತ ಕಲೆಕ್ಟರ್ ಥ್ಯಾಕರೆಗೆ ಧಾರವಾಡದಲ್ಲಿ ಸ್ಮಾರಕ ಇದೆ, ಪುಸ್ತಕಗಳಲ್ಲೂ ಹೆಸರಿದೆ. ಇಲ್ಲಿ ಮಲಗಿದವರು ಮಗ್ಗ ನೆಯ್ದವರು, ಅಂಗಡಿ ಇಟ್ಟವರು, ಹತ್ತಿ ಹೊತ್ತವರು. ಕಲ್ಲು ಹೋದರೆ ಅವರ ಹೆಸರೂ ಹೋಯಿತು.

ಜಾಲಿ

ಚಳಿಗಾಲ ಪೂರ್ತಿ ಇದಕ್ಕೇ ಹೋಯಿತು. ಕಾಂಗ್ರೆಸ್ ಕಸ, ಲಂಟಾನ ಎಲ್ಲ ಕುಡಗೋಲಿಗೆ ಬಗ್ಗುತ್ತವೆ. ಬಳ್ಳಾರಿ ಜಾಲಿ ಬಗ್ಗುವುದಿಲ್ಲ. ನೆಲಕ್ಕೆ ಸಮ ಕಡಿದರೆ ಒಂದು ಕಾಂಡದ ಜಾಗದಲ್ಲಿ ಎಂಟು ಚಿಗುರು ಬರುತ್ತವೆ. ಚಿಗುರುವ ಕಣ್ಣುಗಳು ಇರುವುದು ನೆಲದ ಕೆಳಗಿನ ಬೇರಿನ ಬುಡದಲ್ಲಿ. ಸುಮಾರು ಒಂದು ಅಡಿ ಅಗೆದು ಆ ಬುಡವನ್ನೇ ಕೊಡಲಿಯಿಂದ ಕತ್ತರಿಸಿ ತೆಗೆದರೆ ಮಾತ್ರ ಮುಗಿಯಿತು ಅನ್ನಬಹುದು.

ಆದರೆ ಸಮಾಧಿಯ ಮೈಯೊಳಗಿಂದಲೇ ಎದ್ದ ಜಾಲಿ, ಅರಳಿ ಸಸಿಗಳನ್ನು ಹೀಗೆ ಅಗೆಯಲಾಗದು. ಮೊದಲ ವಾರ ನಮ್ಮ ಹುಡುಗ ಒಬ್ಬ ಅರಳಿ ಸಸಿಯನ್ನು ಹಿಡಿದು ಜಗ್ಗಿದ. ಬೇರಿನ ಜೊತೆ ಮೂಲೆಯ ಆರು ಇಟ್ಟಿಗೆ ಬಂದವು. ಅಲ್ಲಿಂದ ನಿಯಮ ಮಾಡಿಕೊಂಡೆವು: ಜಗ್ಗಬಾರದು. ಗರಗಸದಿಂದ ಕೊಯ್ಯಬೇಕು, ಉಳಿದ ಮೋಟಿನ ಸಿಪ್ಪೆ ಸುಲಿಯಬೇಕು, ಹದಿನೈದು ದಿನಕ್ಕೊಮ್ಮೆ ಬಂದು ಚಿಗುರು ಚಿವುಟಬೇಕು. ಎಲೆ ಬಿಡಲು ಬಿಡದಿದ್ದರೆ ಬೇರು ತಾನಾಗಿ ಸೊರಗುತ್ತದೆ. ಒಣಗಿ ಕುಗ್ಗಿದ ಮೇಲೆ ತುಂಡು ತುಂಡಾಗಿ ಬಿಡಿಸಬಹುದು. ನಮಗೆ ಕೆಲವಕ್ಕೆ ಏಳು ತಿಂಗಳು ಹಿಡಿಯಿತು. ಇಷ್ಟು ತಾಳ್ಮೆ ಬೇಕಾ ಅಂತ ಕೇಳಿದರೆ, ಬೇಕು.

ಬೆಂಕಿ ಮಾತ್ರ ಹಾಕಬಾರದು. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಇಟ್ಟು ಸ್ವಚ್ಛ ಮಾಡುವ ರೂಢಿ ಎಲ್ಲ ಕಡೆ ಇದೆ. ಕಾದ ಕಲ್ಲು ಪದರ ಪದರವಾಗಿ ಸಿಡಿಯುತ್ತದೆ. ಹಾಗೆ ಸಿಡಿದ ನಾಲ್ಕು ಕಲ್ಲು ನಮ್ಮ ಪಟ್ಟಿಯಲ್ಲಿವೆ, ನಾಲ್ಕರಲ್ಲೂ ಅಕ್ಷರ ಪೂರ್ತಿ ಹೋಗಿದೆ.

ಬೇವು, ಕಣಗಿಲೆ ಉಳಿಸಿಕೊಂಡೆವು. ಯಾರೋ ನೆನಪಿಗೆ ನೆಟ್ಟ ಗಿಡಗಳು ಅವು.

ನೀರು

ನನ್ನನ್ನು ಕೇಳಿದರೆ ಇಡೀ ಕೆಲಸದಲ್ಲಿ ಇದೇ ದೊಡ್ಡದು. ಫೋಟೊದಲ್ಲಿ ಕಾಣುವುದಿಲ್ಲ, ಯಾರೂ ಹೊಗಳುವುದಿಲ್ಲ.

ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ಹೋದರೆ ಮುಷ್ಟಿ ಹಿಡಿಯುವಷ್ಟು ಬಿರುಕು. ಮೊದಲ ಜೋರು ಮಳೆಯ ನೀರು ಆ ಬಿರುಕಿನಲ್ಲಿ ನೇರ ಸಮಾಧಿಯ ಬುಡಕ್ಕೆ ಇಳಿಯುತ್ತದೆ. ಒಂದು ಬದಿ ಉಬ್ಬುತ್ತದೆ, ಇನ್ನೊಂದು ಬದಿ ಒಣಗಿಯೇ ಇರುತ್ತದೆ. ಕಟ್ಟೆ ವಾಲುತ್ತದೆ. ವರ್ಷ ವರ್ಷ ಹೀಗೇ ಆಗಿ ನಿಂತ ಕಲ್ಲು ಒಂದು ದಿನ ಬೀಳುತ್ತದೆ. ಬಿದ್ದ 31 ಕಲ್ಲುಗಳಲ್ಲಿ 24 ಒಂದೇ ದಿಕ್ಕಿಗೆ ಬಿದ್ದಿದ್ದವು, ನೀರು ನಿಲ್ಲುವ ತಗ್ಗಿನ ಕಡೆಗೆ. ನಕ್ಷೆಯಲ್ಲಿ ಬಾಣದ ಗುರುತು ಹಾಕಿದಾಗಲೇ ಇದು ಕಣ್ಣಿಗೆ ಬಿತ್ತು.

ಮೇ ತಿಂಗಳಲ್ಲಿ ಒಂದು ಸಂಜೆ ಗುಡುಗು ಸಿಡಿಲು ಇಲ್ಲದೆ ಬರೇ ಮಳೆ ಬಂತು. ಕಾಕಾ ಫೋನ್ ಮಾಡಿ, "ತಮ್ಮಾ, ಕೊಡಿ ತಗೊಂಡು ಬಾ, ನೀರು ನೋಡೂಣು" ಅಂದರು. ಒಂದು ತಾಸು ಇಬ್ಬರೂ ಅಲ್ಲಿ ನಿಂತೆವು. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಸಮಾಧಿಯ ಬುಡಕ್ಕೆ ಸುಳಿ ಸುತ್ತುತ್ತದೆ ಅಂತ ನಕ್ಷೆಯ ಮೇಲೆ ಪೆನ್ಸಿಲ್‌ನಿಂದ ಗೀಚಿದೆ. ಆ ಒದ್ದೆ ಹಾಳೆಯಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಯಾವುದೂ ಇಲ್ಲ. ನೀವು ಇಂಥ ಕೆಲಸಕ್ಕೆ ಕೈ ಹಾಕುವವರಿದ್ದರೆ ಒಮ್ಮೆ ಮಳೆಯಲ್ಲಿ ಹೋಗಿ ನಿಲ್ಲಿ.

ಮಾಡಿದ್ದು ಇಷ್ಟು. ಎರಡು ಸಾಲುಗಳ ನಡುವಿನ ಓಣಿಯಲ್ಲಿ ಒಂದೂವರೆ ಅಡಿ ಅಗಲ, ಒಂದು ಅಡಿ ಆಳ ಎರೆ ಮಣ್ಣು ತೆಗೆದೆವು. ಅದಕ್ಕಿಂತ ಆಳ ಹೋಗಲಿಲ್ಲ, ಸಮಾಧಿಯ ಬುಡದಿಂದ ಎರಡು ಅಡಿ ದೂರ ಬಿಟ್ಟೆವು. ಕೆಳಗೆ ಇರುವವರಿಗೆ ಸಲಿಕೆ ತಾಗಬಾರದು ಅನ್ನುವುದು ಮೊದಲ ಮಾತು. ತೆಗೆದ ಜಾಗದಲ್ಲಿ ಗರಸು, ಅಂದರೆ ಹರಳು ಬೆರೆತ ಗಟ್ಟಿ ಮಣ್ಣು: ಕೆಳಗೆ ದಪ್ಪ ಗರಸು, ಮೇಲೆ ಸಣ್ಣ ಗರಸು. ನಾಲ್ಕು ಇಂಚು ಹಾಕುವುದು, ನೀರು ಚಿಮುಕಿಸುವುದು, ದಮ್ಮಸು ಹೊಡೆಯುವುದು, ಮತ್ತೆ ನಾಲ್ಕು ಇಂಚು. ನಾಲ್ಕು ಅಡಿಗೆ ಒಂದು ಇಂಚು ಇಳಿಜಾರು. ಇಳಿಜಾರು ಅಳೆಯಲು ಲೆವೆಲ್ ಪೈಪು, ಅಂದರೆ ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಸಮಾಧಿಯ ಬುಡಕ್ಕೂ ಗರಸಿನದೇ ಸಣ್ಣ ಏರು ಕೊಟ್ಟು, ನೀರು ಓಣಿಯ ಕಡೆ ಹೊರಳುವಂತೆ ಮಾಡಿದೆವು. ಓಣಿಯ ತುದಿಯಲ್ಲಿ ಹಳೆಯ ಒಂದು ಗಟಾರ ಮಣ್ಣು ತುಂಬಿ ಮುಚ್ಚಿಹೋಗಿತ್ತು. ಅದನ್ನು ತೆಗೆದಾಗ ಗೋಡೆಯಲ್ಲಿ ನೀರು ಹೋಗಲು ಬಿಟ್ಟ ಕಿಂಡಿ ಸಿಕ್ಕಿತು. ಈ ಜಾಗ ಕಟ್ಟಿದವರಿಗೆ ನೀರಿನ ಲೆಕ್ಕ ಗೊತ್ತಿತ್ತು. ನಾವು ಮುಚ್ಚಿದ್ದನ್ನು ತೆರೆದೆವು, ಅಷ್ಟೇ.

ದುಡ್ಡು ಜಾಸ್ತಿ ಹೋಗಿದ್ದು ಇಲ್ಲೇ. ಹನ್ನೊಂದು ಟ್ರ್ಯಾಕ್ಟರ್ ಗರಸು ಬಿದ್ದಿತು. ಮಿರ್ಗದ ಮಳೆ ಬಂದಾಗ ಮತ್ತೆ ಕೊಡೆ ಹಿಡಿದು ಹೋಗಿ ನಿಂತೆ. ಓಣಿಯಲ್ಲಿ ನೀರು ಗೆರೆ ಎಳೆದಂತೆ ಹರಿದು ಕಿಂಡಿಯಿಂದ ಹೊರಗೆ ಬೀಳುತ್ತಿತ್ತು. ಬಹಳ ಹೊತ್ತು ನೋಡಿದೆ.

ಸುಣ್ಣ

ಸುಣ್ಣದ ಕೆಲಸ ಮಾತ್ರ ಕಾಕಾ ಇಲ್ಲದೆ ಆಗುತ್ತಿರಲಿಲ್ಲ. ಪ್ಯಾಕೆಟ್ಟಿನ ಸುಣ್ಣದ ಪುಡಿ ಬೇಡವೇ ಬೇಡ ಅಂದರು. ಬಾಗಲಕೋಟೆ ಕಡೆಯಿಂದ ಸುಟ್ಟ ಸುಣ್ಣದ ಹರಳು ತರಿಸಿದೆವು, 100 ಕೆಜಿ. ತಂದ ದಿನವೇ ಅರಳಿಸಬೇಕು. ಇಟ್ಟರೆ ಗಾಳಿಯ ತೇವ ಹೀರಿ ತಾನೇ ಪುಡಿಯಾಗಿ ಸತ್ತುಹೋಗುತ್ತದೆ.

ಕಬ್ಬಿಣದ ಬ್ಯಾರಲ್ ಅನ್ನು ಅಡ್ಡ ಸೀಳಿ ತೊಟ್ಟಿ ಮಾಡಿಕೊಂಡೆವು. ಮೊದಲು ನೀರು, ಆಮೇಲೆ ಹರಳು, ಸ್ವಲ್ಪ ಸ್ವಲ್ಪ. ಹರಳಿನ ಮೇಲೆ ನೀರು ಸುರಿಯಬಾರದು, ಸಿಡಿದು ಮುಖಕ್ಕೆ ಬರುತ್ತದೆ. ಹರಳು ನೀರಿಗೆ ಬಿದ್ದ ಮೇಲೆ ಅರ್ಧ ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಒಳಗಿಂದ ಚಟಪಟ ಸದ್ದು, ಆಮೇಲೆ ತೊಟ್ಟಿಯೇ ಕೊತಕೊತ ಕುದಿಯುತ್ತದೆ. ಒಲೆ ಇಲ್ಲದೆ ಕುದಿಯುವ ನೀರನ್ನು ಮೊದಲ ಸಲ ನೋಡಿದ ಹುಡುಗರು ಹಿಂದೆ ಸರಿದರು. ಎಲ್ಲರ ಕಣ್ಣಿಗೂ ಕನ್ನಡಕ, ಕೈಗೆ ರಬ್ಬರ್ ಗ್ಲೌಸು, ಪಕ್ಕದಲ್ಲಿ ಎರಡು ಕೊಡ ಚೊಕ್ಕ ನೀರು. ಇದರಲ್ಲಿ ಸಡಿಲು ಬಿಡಬಾರದು, ಸುಣ್ಣ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ.

ಆರಿದ ಮೇಲೆ ಜರಡಿ ಹಿಡಿದು, ಪ್ಲಾಸ್ಟಿಕ್ ಬ್ಯಾರಲ್‌ಗೆ ತುಂಬಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಿಟ್ಟೆವು. ಮೂರು ತಿಂಗಳು ಮುಟ್ಟಲಿಲ್ಲ. ತೆಗೆದಾಗ ಬೆಣ್ಣೆಯಂತಿತ್ತು. ಥಾಪಿಯಿಂದ ತೆಗೆದು ತಿರುವಿ ಹಿಡಿದರೆ ಬೀಳಲಿಲ್ಲ.

ಹದ ಹೀಗೆ: ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ, ಎರಡು ಪಾಲು ಉಸುಕು. ಸುರ್ಕಿಗೆ ಚೆನ್ನಾಗಿ ಸುಟ್ಟ ಹಳೆ ಹಂಚು, ಇಟ್ಟಿಗೆ ಕುಟ್ಟಿ ಪುಡಿ ಮಾಡಿಕೊಂಡೆವು. ಅದು ಇದ್ದರೆ ಗಾರೆ ತೇವದಲ್ಲೂ ಬಿಗಿಯುತ್ತದೆ. ಕಲಸಲು ಅಳಲೆಕಾಯಿ ನೆನೆಸಿದ ನೀರು, ಅದರಲ್ಲಿ ಕರಗಿಸಿದ ಬೆಲ್ಲ. ಬೆಲ್ಲ ಎಷ್ಟು ಅಂತ ಕಾಕಾ ತೂಕ ಹೇಳಲಿಲ್ಲ, ಬೆರಳಿಗೆ ಹತ್ತಿಸಿ ನೋಡಿದರು. ಆಮೇಲೆ ಒನಕೆಯಿಂದ ಕುಟ್ಟುವುದು. ಕಲಸಿದರೆ ಸಾಲದು, ಕುಟ್ಟಬೇಕು. ಮತ್ತೆ ನೀರು ಹಾಕದೆ ಕುಟ್ಟುತ್ತಾ ಹೋದರೆ ಗಾರೆ ತಾನೇ ಮೆತ್ತಗಾಗುತ್ತದೆ.

ಮಾರ್ಚಿಯಲ್ಲಿ ಮೊದಲ ಐದು ಸಮಾಧಿಗೆ ಹಚ್ಚಿದೆವು. ಐದೂ ಹಾಳಾದವು. ಹಚ್ಚಿದ್ದು ರವಿವಾರ, ಮತ್ತೆ ಹೋದದ್ದು ಮುಂದಿನ ರವಿವಾರ. ಗೋಣಿತಾಟು ಹೊದಿಸಿದ್ದೆವು ನಿಜ, ಆದರೆ ಬಿಸಿಲು, ಗಾಳಿಗೆ ಅದು ಮಧ್ಯಾಹ್ನವೇ ಒಣಗಿ ಹಾರಿಹೋಗಿತ್ತು. ಉಗುರಿಂದ ಗೀರಿದರೆ ಗಾರೆ ಹಿಟ್ಟಿನಂತೆ ಉದುರಿತು. ಸುಣ್ಣ ಬಿಗಿಯುವುದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ಅದೂ ತೇವ ಇದ್ದಾಗ ಮಾತ್ರ. ಬೇಗ ಒಣಗಿದರೆ ಅದು ಬಿಗಿದಂತಲ್ಲ. ನನಗೆ ಬಹಳ ಬೇಜಾರಾಯಿತು, ಬೇರೆಯವರ ಮನೆಯ ಹಿರಿಯರ ಸಮಾಧಿಗಳು ಅಲ್ವಾ. ಕಾಕಾ ಮಾತ್ರ, "ಕೆರದು ತಗಿ. ಮಳಿಗಾಲಕ್ಕ ಹಚ್ಚೂಣು. ಸುಣ್ಣಕ್ಕ ಜಿಟಿಜಿಟಿ ಹವಾ ಬೇಕು" ಅಂದರು. ಒಳ್ಳೆಯ ಮಾತೆಂದರೆ ಸುಣ್ಣದ ಗಾರೆ ಕೆರೆದು ತೆಗೆಯಲು ಬರುತ್ತದೆ. ಕೆಳಗಿನ ಇಟ್ಟಿಗೆಗೆ ಗೀರು ಕೂಡ ಬೀಳಲಿಲ್ಲ. ಸಿಮೆಂಟು ಆಗಿದ್ದರೆ?

ಜುಲೈ, ಆಗಸ್ಟಿನಲ್ಲಿ ಮತ್ತೆ ಶುರು ಮಾಡಿದೆವು. ಮೇಲೆ ತಾಡಪಾಲಿನ ಮಾಡು, ಆಷಾಢದ ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲು. ದಿನಕ್ಕೆರಡು ಸಲ ಗೋಣಿತಾಟಿಗೆ ನೀರು ಹೊಡೆಯುವ ಹೊಣೆ ಕುಣಿ ಮಾಮಾ ತೆಗೆದುಕೊಂಡರು, ಅದಕ್ಕೆ ತಿಂಗಳಿಗಿಷ್ಟು ಅಂತ ಕೊಟ್ಟೆವು. ಮೂರು ವಾರ ಒಂದು ದಿನವೂ ತಪ್ಪಿಸಲಿಲ್ಲ. ಈಗ ಆ ಗಿಲಾವಿನ ಮೇಲೆ ಉಗುರು ಓಡಿಸಿದರೆ ಜಾರುತ್ತದೆ.

ಅಕ್ಷರ

ಕಲ್ಲು ತೊಳೆಯಲು ನೀರು, ಮೆತ್ತಗಿನ ಬ್ರಷ್ಷು, ಬಿದಿರಿನ ಚೂರು. ಇಷ್ಟೇ. ತಂತಿ ಬ್ರಷ್ಷು, ಆಸಿಡ್ಡು, ಬ್ಲೀಚಿಂಗು ಯಾವುದೂ ಬೇಡ. ಇಲ್ಲಿನ ಹಳೆ ಕಲ್ಲುಗಳಲ್ಲಿ ಕೆಲವು ಬಳಪದ ಕಲ್ಲಿನ ಜಾತಿಯವು. ಹತ್ತಿರದ ಲಕ್ಕುಂಡಿಯ ದೇವಸ್ಥಾನಗಳಲ್ಲಿ ಅಷ್ಟು ನಾಜೂಕು ಕೆತ್ತನೆ ಆಗಿದ್ದೇ ಆ ಕಲ್ಲು ಮೆತ್ತಗಿರುವುದರಿಂದ. ಉಳಿಗೆ ಒಲಿಯುವ ಕಲ್ಲು ತಂತಿ ಬ್ರಷ್ಷಿಗೆ ಸವೆಯುತ್ತದೆ.

88ನೇ ನಂಬರಿನ ಬಗ್ಗೆ ಹೇಳಬೇಕು. ಜಾಲಿ ಬೇರಿನ ಕೆಳಗೆ ಬೋರಲು ಬಿದ್ದಿತ್ತು. ಒಂದೂವರೆ ಅಡಿಯ ಸಣ್ಣ ಕಲ್ಲು. ತಿರುವಿದಾಗ ಮುಖದ ತುಂಬ ಮಣ್ಣು, ಅದರ ಕೆಳಗೆ ಬೂದು ಬಣ್ಣದ ಕಲ್ಲುಹೂವು ಗಟ್ಟಿಯಾಗಿ ಹಿಡಿದಿತ್ತು. ಒದ್ದೆ ಬಟ್ಟೆ ಹೊದಿಸಿ ಒಂದು ತಾಸು ಬಿಟ್ಟೆ. ಮೆತ್ತಗಾದ ಮೇಲೆ ಬಿದಿರಿನ ಚೂರಿನಿಂದ ಒಂದೊಂದೇ ತೆಗೆದೆ. ಮೇಲಿನಿಂದ ಬಿದ್ದ ಬಿಸಿಲಿಗೆ ಏನೂ ಕಾಣಲಿಲ್ಲ, ಬರೇ ಸವೆದ ಕಲ್ಲು. ಆಗ ಕ್ಷೌರದ ಕನ್ನಡಿ ಹಿಡಿದು, ಬಿಸಿಲನ್ನು ಬದಿಯಿಂದ ಕಲ್ಲಿನ ಮೈಗೆ ಸವರಿದಂತೆ ಬಿಟ್ಟೆ. ಒಂದೊಂದು ಗೀರಿಗೂ ನೆರಳು ಎದ್ದಿತು. ಮೊದಲು ಕಂಡದ್ದು ಒಂದು ಹೂವಿನ ಬಳ್ಳಿ. ಕನ್ನಡಿ ಸ್ವಲ್ಪ ಕೆಳಗಿಳಿಸಿದೆ. ಒಂದು "ಮ". ಪಕ್ಕದಲ್ಲಿ "ಗ". ಮೂರನೆಯದು ಅರ್ಧ ಇತ್ತು, ಆದರೂ ಗೊತ್ತಾಯಿತು. ಮಗಳು.

ಯಾರ ಮಗಳು ಅನ್ನುವ ಸಾಲು ಮೇಲಿತ್ತು, ಅದು ಹೋಗಿದೆ. ಕೆಳಗೆ "ಸನ ೧೯೩" ಅಂತ ಇದೆ, ಕೊನೆಯ ಅಂಕಿ ಇಲ್ಲ. ಮಾಮಾಗೂ ಗೊತ್ತಿಲ್ಲ. ಅಮಾವಾಸ್ಯೆಗೆ ಬಂದ ಹಿರಿಯರನ್ನೆಲ್ಲ ಕೇಳಿದೆವು, ಯಾರೂ ತಮ್ಮವಳು ಅನ್ನಲಿಲ್ಲ. ರಿಜಿಸ್ಟರಿನಲ್ಲಿ 88ರ ಮುಂದೆ "ಮಗಳು, ಬಳ್ಳಿಯ ಚಿತ್ರ, 1930ರ ದಶಕ" ಅಂತ ಬರೆದಿದ್ದೇನೆ. ಹೆಸರಿನ ಕಾಲಂ ಖಾಲಿ ಬಿಟ್ಟಿದ್ದೇನೆ, ಯಾರಾದರೂ ಬಂದು ತುಂಬಿಸಬಹುದು.

ಇನ್ನೊಂದು ಮಾತು. ಹಳೆ ಸಮಾಧಿಗಳಲ್ಲಿ ದೀಪದ ಗೂಡು ಇರುತ್ತದೆ. ಒಳಗೆ ಎಣ್ಣೆ ಮಸಿ ಕರಿ ಕಟ್ಟಿರುತ್ತದೆ. ಹುಡುಗರು ಅದನ್ನೂ ತಿಕ್ಕಲು ಹೋದರು. ಬಿಡಿಸಿದೆ. ಅದು ಕೊಳೆಯಲ್ಲ. ಎಷ್ಟೋ ವರ್ಷ ಯಾರೋ ಬಂದು ದೀಪ ಹಚ್ಚಿದ ಗುರುತು.

ಕಲ್ಲು ಎತ್ತುವುದು

ಒಂದು ಘನ ಅಡಿ ಕಲ್ಲು ಸುಮಾರು 75 ಕೆಜಿ ತೂಗುತ್ತದೆ. ನಾಲ್ಕು ಅಡಿ ಎತ್ತರ, ಒಂದೂವರೆ ಅಡಿ ಅಗಲ, ನಾಲ್ಕು ಇಂಚು ದಪ್ಪದ ಕಲ್ಲು ಅಂದರೆ 150 ಕೆಜಿ. ನಾಲ್ಕು ಜನ ಹಿಡಿದು ಎತ್ತುತ್ತೇವೆ ಅನ್ನುವ ಹುಮ್ಮಸ್ಸು ಬೇಡ. ಹಾರೆಯಿಂದ ಎರಡು ಇಂಚು ಎತ್ತುವುದು, ಮರದ ತುಂಡು ತೂರಿಸುವುದು, ಮತ್ತೆ ಎರಡು ಇಂಚು. ಬೆರಳು ಕೆಳಗೆ ಹಾಕಬಾರದು, ಕಲ್ಲಿಗೂ ಹೆದರಬೇಕು, ಚೇಳಿಗೂ ಹೆದರಬೇಕು. ನಿಲ್ಲಿಸುವ ಕುಣಿಗೆ ಕಾಂಕ್ರೀಟ್ ಹಾಕಲಿಲ್ಲ. ಗರಸು, ಕಲ್ಲಿನ ಚಕ್ಕೆ ತುಂಬಿ ದಮ್ಮಸು ಹೊಡೆದು, ಒಳಂಬ (ದಾರಕ್ಕೆ ಕಟ್ಟಿದ ತೂಕದ ಗುಂಡು) ಹಿಡಿದು ನೇರ ಮಾಡಿದೆವು.

ಎರಡು ತುಂಡಾದ ಒಂಬತ್ತು ಕಲ್ಲುಗಳಿಗೆ ಒಳಗೆ ಸ್ಟೇನ್‌ಲೆಸ್ ಸ್ಟೀಲಿನ ಸಳಿ ಕೂಡಿಸಿ ಇಪಾಕ್ಸಿ ಅಂಟಿನಿಂದ ಜೋಡಿಸಬೇಕಿತ್ತು. ಅಂಗಡಿಯವರು ಕೊಟ್ಟ ಸಳಿಗಳನ್ನು ಒಂದು ವಾರ ಹೊರಗೆ ಇಟ್ಟಿದ್ದೆವು. ನೋಡಿದರೆ ತುದಿ ಕೆಂಪಾಗಿತ್ತು. ಸಾದಾ ಕಬ್ಬಿಣ. ಹಾಗೇ ಕೂಡಿಸಿದ್ದರೆ ಒಳಗೆ ತುಕ್ಕು ಹಿಡಿದು, ಉಬ್ಬಿ, ಕಲ್ಲನ್ನು ಮತ್ತೆ ಸೀಳುತ್ತಿತ್ತು. ಈಗ ಯಾವ ಸಳಿ ತಂದರೂ ಮೊದಲು ಆಯಸ್ಕಾಂತ ಹಿಡಿದು ನೋಡುತ್ತೇವೆ. ಅಂಟಿಕೊಂಡರೆ ವಾಪಸ್.

ಅಜ್ಜನ ಸಮಾಧಿ

ಈ ಸಲದ ಕೆಲಸದಲ್ಲಿ ಇದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಕೈ ಪಳಗಲಿ ಅಂತ.

ಎದ್ದು ನಿಂತ ಸಿಮೆಂಟನ್ನು ಸಣ್ಣ ಚಾಣ, ಸಣ್ಣ ಸುತ್ತಿಗೆಯಿಂದ ಅಂಚಿನಿಂದ ಒಳಗೆ ಬಿಡಿಸುತ್ತಾ ಬಂದೆ. ಟೊಳ್ಳು ಸದ್ದು ಬಂದ ಕಡೆ ಸುಲಭಕ್ಕೆ ಬಂತು. ಕಣಕಣ ಅಂದ ಕಡೆ ಬಿಟ್ಟೆ. ಎಡ ಬದಿಯಲ್ಲಿ ಅಂಗೈ ಅಗಲದ ಸಿಮೆಂಟು ಕಲ್ಲಿಗೇ ಬೆಸೆದುಕೊಂಡಿದೆ. ಅದನ್ನು ಕಿತ್ತರೆ ಕಲ್ಲೂ ಬರುತ್ತದೆ, ಅದು ಹಾಗೇ ಇರುತ್ತದೆ. ಎರಡು ರವಿವಾರ ಇಟ್ಟಿಗೆಯನ್ನು ಹಾಗೇ ತೆರೆದಿಟ್ಟು, ಮೇಲೆ ಮಾತ್ರ ತಾಡಪಾಲು ಕಟ್ಟಿ ಆರಲು ಬಿಟ್ಟೆವು. ಮೂರನೇ ದಿನಕ್ಕೆ ಇಟ್ಟಿಗೆಯ ಮೇಲೆ ಬಿಳಿ ಉಪ್ಪು ಹೂವಿನಂತೆ ಅರಳಿತ್ತು. ಒಣ ಬ್ರಷ್ಷಿನಿಂದ ಗುಡಿಸಿ ತೆಗೆದೆವು, ನೀರು ಹಾಕಲಿಲ್ಲ. ನೀರು ಹಾಕಿದರೆ ಕರಗಿ ಮತ್ತೆ ಒಳಗೆ ಹೋಗುತ್ತದೆ. ಹೀಗೆ ಆರು ಸಲ ಗುಡಿಸಿದ ಮೇಲೆ ಬರುವುದು ಕಡಿಮೆಯಾಯಿತು. ಕರಗಿದ 22 ಇಟ್ಟಿಗೆ ಬದಲಾಯಿಸಿ, ಗಚ್ಚು ಹಚ್ಚಿದೆವು. ಪೇಂಟ್ ಇಲ್ಲ, ತೆಳು ಸುಣ್ಣ ಮಾತ್ರ.

ಹೋದ ಎರಡು ಅಕ್ಷರಗಳನ್ನು ಮತ್ತೆ ಕೆತ್ತಿಸಿ ಅಂತ ಮನೆಯಲ್ಲಿ ಹೇಳಿದರು. ಅವ್ವನಿಗೂ ಅದೇ ಆಸೆ. ನಾನು ಒಪ್ಪಲಿಲ್ಲ. ಕೆತ್ತಬೇಕಾದರೆ ಉಳಿದ ಅಕ್ಷರಗಳ ಮಟ್ಟಕ್ಕೆ ಕಲ್ಲನ್ನೇ ಇನ್ನಷ್ಟು ಸವರಬೇಕು. 1958ರಲ್ಲಿ ಯಾರೋ ಕೂತು ಕೆತ್ತಿದ ಆ ಅಕ್ಷರಗಳ ತಿರುವು ಹೋಗುತ್ತದೆ. ಬದಲಿಗೆ ಕಾಲಿನ ಕಡೆ ಒಂದು ಸಣ್ಣ ಹೊಸ ಕಲ್ಲು ಇಟ್ಟು ಪೂರ್ತಿ ಹೆಸರು ಬರೆಸಿದ್ದೇವೆ. ಅವ್ವ ಬಂದು ಎರಡೂ ಕಲ್ಲಿನ ಮೇಲೆ ಕೈ ಆಡಿಸಿದಳು. ಹಳೆ ಕಲ್ಲಿನ ಉಳಿದ ಅಕ್ಷರಗಳ ಮೇಲೆ ಬೆರಳು ಜಾಸ್ತಿ ಹೊತ್ತು ನಿಂತಿತು.

ಇಲ್ಲಿವರೆಗೆ 83 ಆಗಿವೆ. 131 ಉಳಿದಿವೆ. ಎರಡನೇ ಬ್ಯಾರಲ್ ಸುಣ್ಣ ಶೀಗಿ ಹುಣ್ಣಿಮೆ ಹೊತ್ತಿಗೆ ಹದಕ್ಕೆ ಬರುತ್ತದೆ, ಆದರೆ ಹಚ್ಚುವುದು ಮುಂದಿನ ಮಳೆಗಾಲಕ್ಕೇ. ಚಳಿಗಾಲದಲ್ಲಿ ಕಲ್ಲು ತೊಳೆಯುವುದು, ಓದುವುದು, ಉತ್ತರದ ಎರಡು ಓಣಿಗೆ ಗರಸು ಹಾಕುವುದು. 88ನ್ನು ಹೋದ ವಾರ ಎತ್ತಿ ನಿಲ್ಲಿಸಿದೆವು. ಈ ರವಿವಾರ ಕನ್ನಡಿ ತೆಗೆದುಕೊಂಡು 89ರ ಮುಂದೆ ಕೂರಬೇಕು.